ಒಲ್ಲದವಳು

ಲ್ಯಾಟಿನ್ ಕಲಿಸುವವರನ್ನು ಕಂಡರೆ ಜನಕ್ಕೆ ಒಂಥರಾ ಕನಿಕರ. ಸತ್ತ ಭಾಷೆಯ ತಲೆದೆಸೆಯಲ್ಲಿ ಕೂತವರು, ಪಾಪ, ಅಂತ. ನಮ್ಮ ಟೀಚರ್‌ಗೆ ಈ ಕನಿಕರ ರೂಢಿಯಾಗಿ ಹೋಗಿತ್ತು. ಅವಳನ್ನು ಬೀದಿಯವರು ಟೀಚರ್ ಅನ್ನುತ್ತಿದ್ದರು, ಹಾಲಿನವನು ಟೀಚರ್ ಅನ್ನುತ್ತಿದ್ದ, ಹೆತ್ತ ತಾಯಿ ಕೂಡ "ಟೀಚರ್ ಬಂದ್ಲಾ?" ಅಂತಲೇ ಕೇಳುತ್ತಿದ್ದಳು. ಅಕ್ಕ ಅಂತ ಕರೆಯುವ ಹಕ್ಕು ಉಳಿದದ್ದು ತಂಗಿ ಒಬ್ಬಳಿಗೆ.

ಸಂಜೆ ಕಾಲೇಜಿನ ಮೂರನೇ ಮಹಡಿಯಲ್ಲಿ, ಕಿಟಕಿ ಪೂರ್ತಿ ಮುಚ್ಚದ ಒಂದು ಕೋಣೆ ಅವಳ ಪಾಲಿಗೆ ಬಂದಿತ್ತು. ಓದುವವರು ಬೆರಳೆಣಿಕೆ ಮಂದಿ. ಔಷಧಿ ಅಂಗಡಿಯವನೊಬ್ಬ, ಕಾನೂನು ಓದುವ ಇಬ್ಬರು ಹುಡುಗಿಯರು, ಮತ್ತೆ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು. ಪೋಸ್ಟ್‌ಮಾಸ್ಟರಿಗೆ ಈ ವಯಸ್ಸಿನಲ್ಲಿ ಲ್ಯಾಟಿನ್ ಯಾಕೆ ಅಂತ ಕೇಳಬೇಡಿ. ಮನೆಯಲ್ಲಿ ಕೂತರೆ ಹೆಂಡತಿ ಅಟ್ಟ ಗುಡಿಸಲು ಹತ್ತಿಸುತ್ತಾಳಂತೆ.

ಆ ಸಂಜೆ ಬೋರ್ಡಿನ ಮೇಲೆ ಇದ್ದದ್ದು ಒಂದೇ ಪದ, ಇನ್ವೀಟುಸ್.

"ಇದಕ್ಕೂ ಇನ್ವಿಟೇಶನ್‌ಗೂ ನೆಂಟಸ್ತಿಕೆ ಹಚ್ಚಬೇಡಿ," ಅಂದಳು ಟೀಚರ್, ಯಾರೂ ಹಚ್ಚುವ ಮೊದಲೇ. "ಇದರ ಅರ್ಥ ಒಲ್ಲದವನು, ಮನಸ್ಸಿಲ್ಲದವನು. ಗುಣವಾಚಕ. ಗಂಡಸಾದ್ರೆ ಇನ್ವೀಟುಸ್, ಹೆಂಗಸಾದ್ರೆ ಇನ್ವೀಟಾ, ಒಂದು ಗುಂಪಿಗೆ ಗುಂಪೇ ಒಲ್ಲದಿದ್ರೆ ಇನ್ವೀಟೀ. ಈ ಮೆಟ್ಟಿಲು ಹತ್ತೋವಾಗ ನೀವೆಲ್ಲ ಇನ್ವೀಟೀ."

"ನಾನಲ್ಲ," ಅಂದ ಪೋಸ್ಟ್‌ಮಾಸ್ಟರು. "ನಾನು ಇಳಿಯೋವಾಗ."

ಟೀಚರ್ ನಗಲಿಲ್ಲ, ಆದರೆ ಸಿಟ್ಟೂ ಮಾಡಲಿಲ್ಲ. "ಈಗ ನೋಡಿ. ನಾವಾದ್ರೆ ಒಲ್ಲದ ಮನಸ್ಸಿನಿಂದ ಬಂದ ಅಂತೀವಿ. ಬಂದ ರೀತಿ ಹೇಗಿತ್ತು ಅಂತ ಹೇಳ್ತೀವಿ. ಲ್ಯಾಟಿನ್‌ನವರು ಹಾಗೆ ಹೇಳೋದು ಅಪರೂಪ. ಇನ್ವೀಟುಸ್ ವೇನಿಟ್ ಅಂತಾರೆ. ಒಲ್ಲದವನು ಬಂದ. ಬರೋ ಕೆಲಸಕ್ಕೆ ಏನೂ ಅಂಟಿಸಲ್ಲ, ಅಂಟೋದೆಲ್ಲ ಆಳಿಗೆ. ಎತ್ತರದವನು ಬಂದ, ಕುಂಟ ಬಂದ, ಹಾಗೇ ಒಲ್ಲದವನು ಬಂದ."

ಔಷಧಿ ಅಂಗಡಿಯವನಿಗೆ ಇದು ಒಪ್ಪಿಗೆಯಾಗಲಿಲ್ಲ. "ಅದು ಬಂದ ಲೆಕ್ಕಾನಾ ಟೀಚರ್? ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂತಾರೆ. ಮನಸ್ಸಿಲ್ಲದವನು ಬಂದ್ರೆ ಅರ್ಧ ಬಂದ ಹಾಗೆ."

"ಕಲ್ಲು ಸಿಕ್ಕಿದ್ರೆ ಗಂಡನಿಗೆ ಸಿಗಲಿ. ವೇನಿಟ್ ನೋಡಿ, ಪೂರ್ತಿ ಇದೆ. ಅರ್ಧ ಬಂದ ಅನ್ನೋ ಕ್ರಿಯಾಪದ ನಂಗೆ ಗೊತ್ತಿರೋ ಯಾವ ಭಾಷೇಲೂ ಇಲ್ಲ. ಬಾಗಿಲಲ್ಲಿ ಕಾಯ್ತಾ ನಿಂತವರಿಗೆ ಅವನು ಬಂದ, ಅಷ್ಟೆ."

ಆಮೇಲೆ ಇನ್ನೊಂದು ಪ್ರಯೋಗ ಬರೆದಳು. ಮೇ ಇನ್ವೀಟಾ. ನಾನು ಒಲ್ಲದಿರುವಾಗ ಅಂತ ಅರ್ಥ. ಇಲ್ಲಿ ಕೆಲಸ ಮಾಡುವವರು ಬೇರೆ ಯಾರೋ. ಒಲ್ಲದವಳು ವಾಕ್ಯದ ಹೊರಗೆ, ಬಾಗಿಲ ಪಕ್ಕ ನಿಂತಿರುತ್ತಾಳೆ, ಅವಳನ್ನು ಕೇಳುವವರಿಲ್ಲ. "ಒಂದೇ ಪದ," ಅಂದಳು, "ಅಲ್ಲಿ ಒಲ್ಲದವಳೇ ಮಾಡ್ತಾಳೆ. ಇಲ್ಲಿ ಅವಳನ್ನ ಬದಿಗೆ ಸರಿಸಿ ಇನ್ನೊಬ್ಬರು ಮಾಡ್ತಾರೆ." ಕಾನೂನಿನ ಹುಡುಗಿಯರು ಬರೆದುಕೊಂಡರು.

ಪಾಠ ಚೆನ್ನಾಗಿತ್ತು, ಟೀಚರ್‌ಗೇ ಮೆಚ್ಚಿಗೆಯಾಯಿತು. ಕಲಿಸುವವರ ಹಣೆಬರಹವೇ ಇಷ್ಟು ನೋಡಿ. ಬಾಯಲ್ಲಿ ಸಲೀಸಾಗಿ ಬಂದದ್ದು ತಲೆಗೆ ಇಳಿಯಲು ತಡವಾಗುತ್ತದೆ.

ಟೀಚರ್‌ಳ ಎರಡೂ ಕಿಡ್ನಿ ಕೈಕೊಟ್ಟು ಎಷ್ಟೋ ಕಾಲವಾಗಿತ್ತು. ದಿನ ಬಿಟ್ಟು ದಿನ ಆಸ್ಪತ್ರೆಯ ಒರಗುಕುರ್ಚಿಯಲ್ಲಿ ಬಿದ್ದುಕೊಂಡು, ಮೈಯ ರಕ್ತವನ್ನು ಯಂತ್ರಕ್ಕೆ ಕೊಟ್ಟು, ತೊಳೆಸಿಕೊಂಡು ವಾಪಸ್ಸು ಪಡೆಯಬೇಕು. ತಂಗಿಗೆ ಪೇಟೆಬೀದಿಯಲ್ಲಿ ಡ್ರೈಕ್ಲೀನಿಂಗ್ ಅಂಗಡಿ. "ನಮ್ಮಿಬ್ಬರಿಗೂ ಒಗೆತದ್ದೇ ಕಸುಬಾಯ್ತು," ಅಂತ ಅವಳು ತಮಾಷೆ ಮಾಡುತ್ತಿದ್ದಳು. ಈಗ ಡಾಕ್ಟರು ಬೇರೆ ಮಾತು ಹೇಳಿದ್ದರು. ಸೂಜಿ ಚುಚ್ಚುವ ನಾಳಗಳು ಒಂದೊಂದಾಗಿ ಸೋಲುತ್ತಿವೆ, ಯಂತ್ರವನ್ನು ನಂಬಿಕೊಂಡು ಇನ್ನು ಬಹಳ ಕಾಲ ನಡೆಯುವುದಿಲ್ಲ, ಒಂದು ಕಿಡ್ನಿ ಸಿಗಲೇಬೇಕು. ಸತ್ತವರದಕ್ಕೆ ಸಾಲು ಹನುಮಂತನ ಬಾಲ. ಅಮ್ಮನಿಗೆ ವಯಸ್ಸಾಗಿತ್ತು. ಹೊಂದಿದ್ದು ತಂಗಿಯದು, ಎಲ್ಲ ಪರೀಕ್ಷೆಯಲ್ಲೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಹೊಂದಿತ್ತು.

ಸುದ್ದಿ ಬಂದ ದಿನ, ಯಾರೂ ಕೇಳುವ ಮೊದಲೇ, ತಂಗಿ "ತಗೋ ಅಕ್ಕ, ಅದರಲ್ಲೇನಿದೆ" ಅಂದುಬಿಟ್ಟಳು. ಅಮ್ಮ ಅತ್ತಳು, "ಒಡಹುಟ್ಟು ಅಂದ್ರೆ ಇದು" ಅಂದಳು. ಅಲ್ಲಿಂದ ಮುಂದೆ ತಂಗಿ ಕೂತದ್ದನ್ನು ಟೀಚರ್ ಕಾಣಲಿಲ್ಲ. ಬಂದಾಗಲೆಲ್ಲ ಕಿಟಕಿ ಒರೆಸುವಳು, ಒಗೆದ ಪರದೆಯನ್ನೇ ಬಿಚ್ಚಿ ಮತ್ತೆ ಒಗೆಯುವಳು, ಬೀರು ಖಾಲಿ ಮಾಡಿ ಮತ್ತೆ ಜೋಡಿಸುವಳು. ಚಿಕ್ಕಂದಿನಿಂದ ಅವಳ ಗುಣವೇ ಹಾಗೆ. ಬೇಡವಾದ ಕೆಲಸ ಮುಂದಿದ್ದರೆ ಕೈಗೆ ನೂರು ಕೆಲಸ ಹಚ್ಚಿಕೊಳ್ಳುತ್ತಾಳೆ, ಬಾಯಲ್ಲಿ ಮಾತ್ರ ಬೇಡ ಅನ್ನುವುದಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಕೌನ್ಸೆಲರ್ ಇದ್ದಳು, ತಗ್ಗಿದ ದನಿಯ ಹೆಂಗಸು. ಅಮ್ಮ, ಇಬ್ಬರು ಮಕ್ಕಳು, ಮೂವರನ್ನೂ ಒಟ್ಟಿಗೆ ಕರೆದು ಅಲ್ಲಿನ ನಿಯಮ ಹೇಳಿದಳು. "ಕೊಡುವವರ ಜೊತೆ ನಾನು ಒಬ್ಬಳೇ ಮಾತಾಡ್ತೀನಿ. ಒಳಗೆ ಆಡಿದ್ದು ಹೊರಗೆ ಬರಲ್ಲ. ಅವರು ಬೇಡ ಅಂದ್ರೂ ನಾವು ಮನೆಯವರಿಗೆ ಹೇಳೋದು ಒಂದೇ ಮಾತು, ಹೊಂದಾಣಿಕೆ ಆಗಲಿಲ್ಲ ಅಂತ. ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ."

ಹಾವೂ ಸಾಯಬಾರದು, ಕೋಲೂ ಮುರೀಬಾರದು, ಅಂಥ ಏರ್ಪಾಡು. ಒಳ್ಳೆಯ ಏರ್ಪಾಡೇ, ಅದನ್ನು ಮೊದಲೇ ಎಲ್ಲರ ಮುಂದೆ ಹೇಳದಿದ್ದರೆ.

"ನಮ್ಮ ಮನೇಲಿ ಅದೆಲ್ಲ ಬೇಕಾಗಲ್ಲ," ಅಂದಳು ಅಮ್ಮ. ತಂಗಿ ಕೌನ್ಸೆಲರ್‌ಳ ಮೇಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು.

ಆ ವಾರವೇ ಒಂದು ಮಧ್ಯಾಹ್ನ ಟೀಚರ್ ತಂಗಿಯ ಅಂಗಡಿಗೆ ಹೋದಳು. ಮುಂದೆ ಯಾರೂ ಇರಲಿಲ್ಲ. ಪ್ಲಾಸ್ಟಿಕ್ ಹೊದ್ದ ಕೋಟುಗಳು ಸಾಲಾಗಿ ತೂಗುತ್ತಿದ್ದವು, ಅದರಾಚೆ ಉಗಿ ಇಸ್ತ್ರಿಯ ಬುಸ್ ಬುಸ್. ಕರೆಯಬೇಕು ಅನ್ನುವಷ್ಟರಲ್ಲಿ ತಂಗಿಯ ದನಿ ಕೇಳಿತು. ಇಸ್ತ್ರಿ ಮಾಡುವ ಹೆಂಗಸಿನ ಜೊತೆ ಮಾತಾಡುತ್ತಿದ್ದಳು.

"ನಂಗೆ ಮನಸ್ಸಿಲ್ಲ ಕಣೇ. ಒಂದು ಚೂರೂ ಇಲ್ಲ. ಮಲಗಿದ್ರೆ ಎದೆ ಡವಡವ ಅನ್ನುತ್ತೆ. ಸೂಜಿ ನೋಡಿದ್ರೇನೇ ಕಾಲು ಬಿದ್ದುಹೋಗುತ್ತೆ ನಂಗೆ, ಅದರಲ್ಲಿ ಹೊಟ್ಟೆ ಕೊಯ್ತಾರಂತೆ."

"ಹಾಗಂತ ಹೇಳಿಬಿಡಿ," ಅಂದಳು ಆ ಹೆಂಗಸು.

ಇಸ್ತ್ರಿ ಮತ್ತೆ ಬುಸ್ ಅಂದಿತು. ಟೀಚರ್ ಕೋಟುಗಳ ಮರೆಯಲ್ಲೇ ಹಿಂದಕ್ಕೆ ಸರಿದು, ಬಾಗಿಲ ಗಂಟೆ ಸದ್ದು ಮಾಡದ ಹಾಗೆ ಕೈಯಲ್ಲಿ ಹಿಡಿದು ಹೊರಗೆ ಬಂದಳು. ಬೀದಿಯಲ್ಲಿ ಅವಳಿಗೆ ಅಳು ಬಂತು. ಸಾವಿನ ಭಯಕ್ಕೆ ಬಂದದ್ದಲ್ಲ. ತಾನು ತಂಗಿಗೆ ಹೀಗೊಂದು ಭಾರವಾದೆನಲ್ಲ ಅಂತ ಬಂದದ್ದು.

ಕೌನ್ಸೆಲರ್ ತಂಗಿಯನ್ನು ಒಬ್ಬಳನ್ನೇ ಕರೆದು ಮಾತಾಡಿದ ದಿನ, ತಂಗಿ ಹೊರಬಂದು ಅಂಗಡಿಗೆ ಓಡಿದ ಮೇಲೆ, ಟೀಚರ್ ತಾನೇ ಬಾಗಿಲು ತಟ್ಟಿ ಒಳಗೆ ಹೋದಳು.

"ನಿಮ್ಮ ತಂಗಿ ಏನು ಹೇಳಿದ್ರು ಅಂತ ನಾನು ಹೇಳೋ ಹಾಗಿಲ್ಲ," ಅಂದಳು ಕೌನ್ಸೆಲರ್.

"ನಾನೂ ಕೇಳಲ್ಲ. ಒಲ್ಲೆ ಅಂತ ಹೇಳೋಕೆ ಬಂದೆ. ತಗೊಳ್ಳೋಳಿಗೂ ಆ ಹಕ್ಕು ಇರಬೇಕಲ್ಲ?"

"ಇದೆ. ಆದ್ರೆ ಯಾಕೆ?"

"ಅವಳಿಗೆ ಮನಸ್ಸಿಲ್ಲ. ಮನಸ್ಸಿಲ್ಲದೆ ಕೊಟ್ಟದ್ದನ್ನ ಹೊಟ್ಟೇಲಿ ಇಟ್ಕೊಂಡು ನಾನು ಹೇಗೆ ಬಾಳಲಿ? ಮನೆಯವರಿಗೆ ನಿಮ್ಮ ಮಾತನ್ನೇ ಹೇಳಿ, ಹೊಂದಾಣಿಕೆ ಆಗಲಿಲ್ಲ ಅಂತ."

ಕೌನ್ಸೆಲರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ಆ ಮಾತು ಇರೋದು ಕೊಡುವವರನ್ನ ಕಾಯೋಕೆ. ನೀವು ಅದನ್ನ ತಗೊಂಡ್ರೆ ಅವರನ್ನ ಯಾರು ಕಾಯ್ತಾರೆ ಅಂತ ಒಂದು ಸಲ ಯೋಚಿಸಿ."

"ಯೋಚಿಸಿದ್ದೇನೆ."

"ಸರಿ. ಒಲ್ಲೆ ಅಂದವರನ್ನ ನಾನು ಎಳೆಯೋ ಹಾಗಿಲ್ಲ. ಮನಸ್ಸು ಬದಲಾದ್ರೆ ಬನ್ನಿ."

ಟೀಚರ್ ಹಗುರಾಗಿ ಹೊರಗೆ ಬಂದಳು. ತ್ಯಾಗ ಮಾಡಿದವರ ಮುಖಕ್ಕೆ ಒಂದು ಕಳೆ ಬರುತ್ತದಲ್ಲ, ಅದು ಬಂದಿತ್ತು. ನನ್ನನ್ನು ಕೇಳಿದರೆ, ಆ ಕಳೆ ಬಂದವರಿಂದ ಮನೆಮಂದಿ ಎರಡು ಹೆಜ್ಜೆ ದೂರ ಇರುವುದು ಒಳ್ಳೆಯದು.

ಆಸ್ಪತ್ರೆಯಿಂದ ಅಮ್ಮನಿಗೆ ಫೋನ್ ಬಂತು. ಹೊಂದಾಣಿಕೆ ಆಗಲಿಲ್ಲ. ಅಮ್ಮ ಫೋನ್ ಇಟ್ಟಳು. ಪಕ್ಕದ ಮನೆಯವಳು ಕೇಳಿದಾಗ "ಹೊಂದಲಿಲ್ಲವಂತೆ" ಅಂದಳು. ಆ 'ಅಂತೆ'ಯನ್ನು ಅವಳು ಎಷ್ಟು ಒತ್ತಿ ಹೇಳಿದಳು ಅಂದರೆ ಪಕ್ಕದ ಮನೆಯವಳಿಗೆ ಬೇರೇನೂ ಕೇಳುವ ಅಗತ್ಯ ಬೀಳಲಿಲ್ಲ. ನಿಯಮ ಅಮ್ಮನಿಗೂ ಗೊತ್ತಿತ್ತಲ್ಲ. ಎಲ್ಲ ಪರೀಕ್ಷೆಯಲ್ಲೂ ಹೊಂದಿದ್ದು ಕೋಣೆಯೊಳಗೆ ಹೋಗಿ ಬಂದ ಮೇಲೆ ಹೊಂದದೆ ಹೋಯಿತು ಅಂದರೆ ಏನರ್ಥ ಅಂತ ತಿಳಿಯದಷ್ಟು ದಡ್ಡಿಯಲ್ಲ ಅವಳು.

ಬೈಯಲಿಲ್ಲ, ಜಗಳ ಆಡಲಿಲ್ಲ. ತಂಗಿ ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗುವಳು. ತಂಗಿ ತಂದಿಟ್ಟ ಊಟ ಹಾಗೇ ಆರುತ್ತಿತ್ತು. "ಅಮ್ಮ, ನೀರು ಕೊಡ್ಲಾ?" ಅಂದರೆ, "ಟೀಚರ್ ಕೊಡ್ತಾಳೆ ಬಿಡು" ಅನ್ನುವಳು.

ಟೀಚರ್ ಇದನ್ನೆಲ್ಲ ಕಣ್ಣಾರೆ ಕಂಡಳು. ಬಾಯಿ ಬಿಟ್ಟರೆ ಅಮ್ಮ ಮತ್ತೆ ತಂಗಿಯನ್ನು ಎಳೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಮಲಗಿಸುತ್ತಾಳೆ. ಬಿಡದಿದ್ದರೆ ಮಾಡದ ತಪ್ಪಿಗೆ ತಂಗಿ ಬೇಯುತ್ತಾಳೆ. ಅತ್ತ ದರಿ, ಇತ್ತ ಪುಲಿ. ಹಾಗಾದಾಗ ಓದಿದವರು ಏನು ಮಾಡುತ್ತಾರೋ ಅದನ್ನೇ ಟೀಚರ್ ಮಾಡಿದಳು, ಏನೂ ಮಾಡಲಿಲ್ಲ. ಹೇಗೂ ಕೌನ್ಸೆಲರ್ ಕೋಣೆಯೊಳಗೆ ಅವಳು ಬೇಡ ಅಂದಿರುತ್ತಾಳೆ, ಅಮ್ಮ ಅಂದುಕೊಂಡದ್ದು ಸುಳ್ಳೇನಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಯಂತ್ರದ ಕುರ್ಚಿಯಲ್ಲಿ ಒರಗಿ, ನರ್ಸ್ ಹೊಸ ನಾಳ ಹುಡುಕಿ ಹುಡುಕಿ ಸೋಲುವಾಗಲೂ ಅದನ್ನೇ ಹೇಳಿಕೊಂಡಳು.

ಒಂದು ಸಂಜೆ ತರಗತಿ ಮುಗಿಯುವ ಹೊತ್ತಿಗೆ ತಂಗಿ ಮೂರು ಮಹಡಿ ಹತ್ತಿ ಬಂದಳು. ತೋಳಿನ ಮೇಲೆ ಯಾರದೋ ಒಗೆದ ಕೋಟುಗಳಿದ್ದವು, ಕೊಟ್ಟು ಬರಲು ಹೊರಟವಳು ದಾರಿ ತಿರುಗಿಸಿಕೊಂಡು ಬಂದಿದ್ದಳು. ಉಳಿದವರು ಹೋದರು. ಪೋಸ್ಟ್‌ಮಾಸ್ಟರು ಮಾತ್ರ ಪುಸ್ತಕ ಕಟ್ಟುವುದನ್ನು ಮುಗಿಸಲೇ ಇಲ್ಲ.

"ಮನೇಗೆ ಹೋಗಿ," ಅಂದಳು ಟೀಚರ್. ಒಲ್ಲದವನು ಹೋದ.

ತಂಗಿ ಕೋಟುಗಳನ್ನು ಬೆಂಚಿನ ಮೇಲೆ ಹಾಸಿದಳು. ತಾನೂ ಕೂತಳು. ಅವಳು ಕೂತದ್ದು ಕಂಡೇ ಟೀಚರ್‌ಗೆ ಭಯವಾಯಿತು.

"ಅಕ್ಕ, ಆ ಕೋಣೇಲಿ ನಾನು ಏನಂದೆ ಗೊತ್ತಾ ನಿಂಗೆ?"

"ಹೇಳಬೇಡ. ನಾನು ಕೇಳಲ್ಲ. ನನ್ನ ಮನಸ್ಸಲ್ಲಿ ನಿನ್ನ ಮೇಲೆ ಏನೂ ಇಲ್ಲ."

"ಕೊಡ್ತೀನಿ ಅಂದೆ."

ಟೀಚರ್ ಕೈಯಲ್ಲಿದ್ದ ಡಸ್ಟರನ್ನು ಮೇಜಿನ ಮೇಲಿಟ್ಟಳು.

"ಮೈಯೆಲ್ಲ ಪರೀಕ್ಷೆ ಮಾಡಿದ್ರು, ಸರಿ ಇದೆ ಅಂದ್ರು. ಕೊಡ್ತೀನಿ ಅಂತ ನಾನಂದೆ. ಆಮೇಲೆ ಹೊಂದಾಣಿಕೆ ಆಗಲಿಲ್ಲ ಅಂತ ಫೋನ್ ಬಂತು. ಮೊದಲು ಪರೀಕ್ಷೆ ಮಾಡೋ ಯಂತ್ರದ ತಪ್ಪು ಇರಬೇಕು ಅಂದ್ಕೊಂಡೆ. ಇವತ್ತು ಅಲ್ಲಿಗೇ ಹೋಗಿ ಕೇಳಿದೆ. ಆ ಹೆಂಗಸು ಏನೂ ಹೇಳಲಿಲ್ಲ. ನಿಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ, ಅಷ್ಟೇ ಅಂದ್ಲು. ನನ್ನ ಕಡೆಯಿಂದ ಇಲ್ಲ ಅಂದ್ರೆ ಇನ್ನು ಉಳಿದೋಳು ಯಾರು?"

"ನಿಂಗೆ ಮನಸ್ಸಿರಲಿಲ್ಲ. ಅಂಗಡೀಲಿ ಹೇಳ್ತಿದ್ದೆ, ನಾನು ಕೇಳಿಸ್ಕೊಂಡೆ."

"ಇರಲಿಲ್ಲ. ಈಗ್ಲೂ ಇಲ್ಲ. ಹೊಟ್ಟೆ ಕೊಯ್ಸಿಕೊಳ್ಳೋಕೆ ಯಾರಿಗೆ ಮನಸ್ಸಿರುತ್ತೆ ಅಕ್ಕ? ಕೊಡ್ತೀನಿ ಅಂದೆ, ಮನಸ್ಸಿದೆ ಅಂದೆನಾ?" ತಂಗಿಯ ದನಿ ಏರಲಿಲ್ಲ. "ಹುಟ್ಟಿದಾಗಿನಿಂದ ನಿನ್ನ ಹಳೇ ಲಂಗ, ನಿನ್ನ ಹಳೇ ಚಪ್ಪಲಿ, ನೀನು ಗೀಚಿಟ್ಟ ಪುಸ್ತಕ. ಒಂದಕ್ಕಾದ್ರೂ ನಂಗೆ ಮನಸ್ಸಿತ್ತಾ? ಹರಿಯೋವರೆಗೂ ಹಾಕ್ಕೊಂಡೆ. ಹಾಕ್ಕೊಂಡಿಲ್ಲ ಅಂತೀಯಾ? ಒಂದೇ ಒಂದು ಸಲ ನನ್ನ ಹಳೇದು ನಿನ್ನ ಮೈಗೆ ಬರುತ್ತೆ ಅಂದ್ರೆ ಮಹಾರಾಣಿಗೆ ಆಗಲ್ಲ."

"ನಿನ್ನ ಒಳ್ಳೇದಕ್ಕೇ ಮಾಡಿದೆ."

"ಏನು ಒಳ್ಳೇದಾಯ್ತು? ಅಮ್ಮ ನನ್ನ ಕೈನೀರು ಕುಡೀತಿಲ್ಲ. ನಾಳೆ ನೀನು ಹೋದ್ರೆ, ತಂಗಿ ಕೊಡದೆ ಸಾಯಿಸಿದ್ಲು ಅಂತ ನಾನು ಕೊನೇವರೆಗೂ ಹೊರಬೇಕು. ಅಷ್ಟು ಕಷ್ಟಪಟ್ಟು ನಾನು ಹೂಂ ಅಂದೆ ಅಕ್ಕ. ಆ ಹೂಂ ನನ್ನದು. ಅದನ್ನ ನೀನು ಕಿತ್ಕೊಂಡೆ."

ಟೀಚರ್ ಎದುರು ಬೆಂಚಿನಲ್ಲಿ, ಓದುವವರ ಜಾಗದಲ್ಲಿ ಕೂತಳು. ಔಷಧಿ ಅಂಗಡಿಯವನು ಅರ್ಧ ಬಂದ ಹಾಗೆ ಅಂದಾಗ ಅವನನ್ನು ತಿದ್ದಿದ್ದವಳು ತಾನೇ. ಒಲ್ಲದವನು ಬಂದ ಅಂದರೆ ಪೂರ್ತಿ ಬಂದ, ಅಂತ ನಾಲ್ಕು ಜನರ ಮುಂದೆ ಹೇಳಿ, ಮನೆಗೆ ಬಂದು ತಂಗಿಯನ್ನು ವಾಕ್ಯದ ಹೊರಗೆ ಬಾಗಿಲ ಪಕ್ಕ ನಿಲ್ಲಿಸಿದ್ದಳು. ಇನ್ನೂ ಒಂದು ಮಾತಿತ್ತು, ಅದು ಪಾಠದ್ದಲ್ಲ, ಮೈಮೇಲೆ ಕೆಂಡ ಬಿದ್ದ ಹಾಗೆ ತಾಗಿತು. ತಂಗಿಯ ಮೇಲಿನ ಮರುಕ ಇದ್ದದ್ದು ನಿಜ, ಆದರೆ ಒಲ್ಲೆ ಅನ್ನಿಸಿದ್ದು ಬರೀ ಮರುಕವಲ್ಲ. ಯಾರ ಹತ್ತಿರವೂ ಒಂದು ಹಿಡಿ ಉಪ್ಪು ಕೇಳಿ ಗೊತ್ತಿಲ್ಲದ ಹೆಂಗಸು ಅವಳು. ಕೊಟ್ಟು ಗೊತ್ತು, ಕಲಿಸಿ ಗೊತ್ತು, ಹಳೇದನ್ನು ಕೆಳಗೆ ದಾಟಿಸಿ ಗೊತ್ತು.

"ನಂಗೆ ತಗೊಳ್ಳೋಕೆ ಮನಸ್ಸಿಲ್ಲ ಕಣೇ," ಅಂದಳು. "ನಾಚಿಕೆ ಆಗುತ್ತೆ. ನಿನ್ನ ಮುಂದೆ ಕೈ ಒಡ್ಡೋಕೆ ನಂಗೆ ಆಗ್ತಿಲ್ಲ."

ತಂಗಿ ಮೂಗು ಒರೆಸಿಕೊಂಡಳು. "ಸರಿ. ನಿಂಗೆ ತಗೊಳ್ಳೋಕೆ ಮನಸ್ಸಿಲ್ಲ, ನಂಗೆ ಕೊಡೋಕೆ ಮನಸ್ಸಿಲ್ಲ. ಮನಸ್ಸು ಬರಲಿ ಅಂತ ಇಬ್ಬರೂ ಕಾಯ್ತಾ ಕೂತ್ರೆ ನೀನು ಇರ್ತೀಯಾ? ಏಳು. ಮೊದಲು ಅಮ್ಮನ ಹತ್ರ ಹೇಳು."

ಟೀಚರ್ ಅಮ್ಮನ ಹತ್ತಿರ ಹೇಳಿದಳು. ಮುಚ್ಚುಮರೆ ಇಲ್ಲದೆ, ಒಲ್ಲೆ ಅಂದವಳು ನಾನು, ಅವಳಲ್ಲ, ಅಂತ ಎರಡು ಸಲ ಹೇಳಿದಳು. ಅಮ್ಮ ಗೋಡೆಯಿಂದ ಮುಖ ತಿರುಗಿಸಿ ಚಿಕ್ಕವಳನ್ನು ಬಹಳ ಹೊತ್ತು ನೋಡಿದಳು. ತಪ್ಪಾಯ್ತು ಅನ್ನುವ ಜಾಯಮಾನ ಅವಳದಲ್ಲ. "ಬಾಯಾರಿಕೆ ಆಗ್ತಿದೆ," ಅಂದಳು. ತಂಗಿ ಎದ್ದು ನೀರು ತಂದಳು.

ಕೌನ್ಸೆಲರ್ ಇಬ್ಬರನ್ನೂ ಮತ್ತೆ ಬೇರೆ ಬೇರೆ ಕೂರಿಸಿ ಕೇಳಿದಳು. ತಗೋತೀನಿ ಅಂದಳು ಒಬ್ಬಳು, ಕೊಡ್ತೀನಿ ಅಂದಳು ಇನ್ನೊಬ್ಬಳು. ದಿನ ಗೊತ್ತಾಯಿತು.

ಆ ಬೆಳಿಗ್ಗೆ ಆಸ್ಪತ್ರೆಯ ಉದ್ದ ಕಾರಿಡಾರಿನಲ್ಲಿ ಎರಡು ತಳ್ಳುಗಾಡಿ ಅಕ್ಕಪಕ್ಕ ನಿಂತಿದ್ದವು. ಹಸಿರು ಬಟ್ಟೆ ಹೊದಿಸಿ, ಕೂದಲಿಗೆ ಟೋಪಿ ಹಾಕಿ, ಇಬ್ಬರನ್ನೂ ಒಂದೇ ಥರ ಮಾಡಿಬಿಟ್ಟಿದ್ದರು. ಕೊಡುವವಳು ಮೊದಲು ಒಳಗೆ ಹೋಗಬೇಕು. ತಂಗಿಯ ಹಲ್ಲು ಕಟಕಟ ಅನ್ನುವುದು ಟೀಚರ್‌ಗೆ ಪಕ್ಕದ ಗಾಡಿಯಿಂದ ಕೇಳಿಸುತ್ತಿತ್ತು.

"ಧೈರ್ಯವಾಗಿದ್ದೀರಾ?" ಅಂತ ನರ್ಸ್ ಕೇಳಿದಳು, ಎಲ್ಲರನ್ನೂ ಕೇಳುವ ಹಾಗೆ.

"ಇಲ್ಲ," ಅಂದಳು ತಂಗಿ, ಅಳುತ್ತಾ. "ಒಳಗೆ ಹೋಗಬೇಕು ಅಂತ ಒಂದು ಚೂರೂ ಅನಿಸ್ತಿಲ್ಲ."

ನರ್ಸ್ ಗಾಡಿಯಿಂದ ಕೈ ತೆಗೆದಳು. "ಬೇಡ ಅಂದ್ರೆ ಈಗಲೂ ವಾಪಸ್ ಹೋಗಬಹುದಮ್ಮ. ಯಾರೂ ಏನೂ ಅನ್ನಲ್ಲ."

ಬಿಡು, ಬೇಡ, ಮನೆಗೆ ಹೋಗು ಅನ್ನುವ ಮಾತು ಟೀಚರ್‌ಳ ಗಂಟಲವರೆಗೆ ಬಂತು. ತಂಗಿಯ ಅಳು ಕೇಳಿ ಸುಮ್ಮನೆ ಮಲಗಿರುವುದು ಅವಳಿಗೆ ಜೀವ ಹೋದಷ್ಟು ಕಷ್ಟವಾಯಿತು. ಅವಳು ತುಟಿ ಕಚ್ಚಿ ಮಾತನ್ನು ನುಂಗಿಕೊಂಡಳು.

ತಂಗಿ ಅಳುತ್ತಲೇ ಇದ್ದಳು. ಅಳುತ್ತಲೇ ಗಾಡಿಯ ಕಂಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಅಳೋಳು ಅಳ್ತಾಳೆ," ಅಂದಳು. "ನೀವು ತಳ್ಳಿ."

ನರ್ಸ್ ತಳ್ಳಿದಳು.